ಅದು ಲಂಗ ಅಲ್ಲ ಚಿಕ್ಕಮ್ಮ, ಕಿಲ್ಟು: ಅಮೆರಿಕದ ಸೇನೆಗೆ ಸ್ಕಾಟ್ಲೆಂಡಿನ ಉಡುಪು, ಬ್ಯಾಗ್‌ಪೈಪು ಬಂದ ಕಥೆ

ಮಗನ ಮನೆಗೆಂದು ನ್ಯೂಜೆರ್ಸಿಗೆ ಹೋಗಿರುವ ನಮ್ಮ ಚಿಕ್ಕಮ್ಮ ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದರು. ಊರಿನ ಮುಖ್ಯ ಬೀದಿಯಲ್ಲಿ ಮೆರವಣಿಗೆ. ಮುಂದೆ ಬೆಳ್ಳಿ ಗುಂಡಿನ ಕೋಲು ಹಿಡಿದ ಒಬ್ಬ. ಅವನ ಹಿಂದೆ ಮೂವತ್ತು ಜನ, ಮೊಣಕಾಲಿನವರೆಗೆ ನೆರಿಗೆ ಬಟ್ಟೆ, ಕಂಕುಳಲ್ಲಿ ಚೀಲ, ಹೆಗಲ ಮೇಲೆ ಮೂರು ಕೋಲು. ಜೊತೆಗೆ ಚಿಕ್ಕಮ್ಮನ ಧ್ವನಿ: "ಇದೇನೋ ಇದು, ಗಂಡಸರು ಲಂಗ ಹಾಕ್ಕೊಂಡು ವಾಲಗ ಊದ್ತಿದಾರೆ? ಮಿಲಿಟರಿಯವರಾ ಇವರು?"

ಪ್ರಶ್ನೆ ಅವರೊಬ್ಬರದೇ ಅಲ್ಲ. 2026ರ ಜುಲೈ 4ಕ್ಕೆ ಅಮೆರಿಕ ಸ್ವತಂತ್ರವಾಗಿ 250 ವರ್ಷ. ಹಾಗಾಗಿ ಇಂಥ ಮೆರವಣಿಗೆಯ ವಿಡಿಯೊಗಳು ಫೋನಿಗೆ ಬರುವುದೂ ಜಾಸ್ತಿ. ಸ್ಕಾಟ್ಲೆಂಡಿನ ಉಡುಪಿಗೂ ಅಮೆರಿಕದ ಸೇನೆಗೂ ಏನು ಸಂಬಂಧ? ಚಿಕ್ಕಮ್ಮನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಹೇಳುತ್ತೇನೆ.

ಕಿಲ್ಟು ಅಂದ್ರೆ ಏನು?

ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡನ್ನು ಹೈಲ್ಯಾಂಡ್ಸ್ ಅನ್ನುತ್ತಾರೆ. ಅಲ್ಲಿನವರು ಹೈಲ್ಯಾಂಡರುಗಳು. ಅವರ ಗಂಡಸರು ಉಡುತ್ತಿದ್ದ ಉಣ್ಣೆ ಬಟ್ಟೆಯೇ ಕಿಲ್ಟು. ಮೊದಮೊದಲು ಅದು ಹೊಲಿದ ಉಡುಪೇ ಆಗಿರಲಿಲ್ಲ. ನಮ್ಮ ಪಂಚೆಯ ಹಾಗೆ ಒಂದು ಉದ್ದನೆಯ ಬಟ್ಟೆ. ಸೊಂಟಕ್ಕೆ ನೆರಿಗೆ ಹಿಡಿದು ಸುತ್ತಿ, ಬೆಲ್ಟು ಬಿಗಿದು, ಉಳಿದದ್ದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ರಾತ್ರಿ ಬಿಚ್ಚಿದರೆ ಅದೇ ಕಂಬಳಿ. ಆಮೇಲೆ 18ನೇ ಶತಮಾನದಲ್ಲಿ ಮೇಲಿನ ಭಾಗ ಬಿಟ್ಟು ಬರೀ ಸೊಂಟದ ಕೆಳಗಿನದ್ದು ಉಳಿಯಿತು.

ಈಗಿನ ಒಳ್ಳೆಯ ಕಿಲ್ಟಿಗೆ ಸುಮಾರು 7 ಮೀಟರು ಬಟ್ಟೆ ಬೇಕು. ಸೀರೆಗಿಂತ ಜಾಸ್ತಿ! ಎಲ್ಲಾ ಹೋಗುವುದು ನೆರಿಗೆಗೆ. ಮುಂದೆ ಚಪ್ಪಟೆ, ನೆರಿಗೆಯೆಲ್ಲಾ ಹಿಂದೆ. ಕೊಡಗಿನ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಇರುತ್ತದಲ್ಲ, ಹಾಗೆ. ಜೇಬು ಇಲ್ಲದ್ದರಿಂದ ಮುಂದೆ ಒಂದು ಚರ್ಮದ ಚೀಲ ತೂಗುತ್ತದೆ. ಅದರ ಹೆಸರು ಸ್ಪೋರನ್. ಅಜ್ಜಿಯರು ಸೊಂಟಕ್ಕೆ ಸಿಕ್ಕಿಸುತ್ತಿದ್ದ ಎಲೆಅಡಿಕೆ ಸಂಚಿ ನೆನಪಿಸಿಕೊಳ್ಳಿ, ಕೆಲಸ ಅದೇ.

ಬಟ್ಟೆಯ ಮೇಲಿನ ಬಣ್ಣಬಣ್ಣದ ಚೌಕಳಿಗೆ ಟಾರ್ಟನ್ ಎಂದು ಹೆಸರು. ಹಾಸಿನಲ್ಲಿ ಯಾವ ಬಣ್ಣ ಎಷ್ಟೆಷ್ಟು ಎಳೆ ಬರುತ್ತದೋ ಹೊಕ್ಕಿನಲ್ಲೂ ಅದೇ ಲೆಕ್ಕ. ಒಂದೊಂದು ಮನೆತನಕ್ಕೆ, ಒಂದೊಂದು ರೆಜಿಮೆಂಟಿಗೆ ಒಂದೊಂದು ಟಾರ್ಟನ್. ಹಾಗಾಗಿ ನೋಡಿದ ಕೂಡಲೇ ಯಾರ ಕಡೆಯವರು ಅಂತ ತಿಳಿದವರಿಗೆ ಗೊತ್ತಾಗುತ್ತದೆ.

ತಿತ್ತಿಗೆ ಕೊಳವೆ ಸಿಕ್ಕಿಸಿದರೆ

ಬ್ಯಾಗ್‌ಪೈಪು ಕಷ್ಟದ ವಾದ್ಯ, ಆದರೆ ಅದರ ತತ್ವ ಸುಲಭ. ಕಮ್ಮಾರನ ಕುಲುಮೆಯ ತಿತ್ತಿ ನೋಡಿದವರಿಗೆ ಅರ್ಧ ಅರ್ಥವಾದ ಹಾಗೆ. ಒಂದು ಚೀಲ. ಅದಕ್ಕೆ ಬಾಯಿಂದ ಗಾಳಿ ತುಂಬುವ ಕೊಳವೆ. ವಾದಕ ಉಸಿರು ಎಳೆದುಕೊಳ್ಳುವಾಗ ಮೊಣಕೈಯಿಂದ ಚೀಲ ಒತ್ತುತ್ತಾನೆ. ಹಾಗಾಗಿ ಗಾಳಿ ನಿಲ್ಲುವುದಿಲ್ಲ, ನಾದವೂ ನಿಲ್ಲುವುದಿಲ್ಲ. ಹಾವಾಡಿಗನ ಪುಂಗಿಯಲ್ಲಿ ಸೋರೆಬುರುಡೆ ಗಾಳಿ ಹಿಡಿಯುತ್ತದೆ. ಇಲ್ಲಿ ಆ ಕೆಲಸ ಚೀಲದ್ದು.

ಕೆಳಗೆ ತೂಗುವ ಚಾಂಟರ್ ಎಂಬ ಕೊಳವೆಯ ತೂತುಗಳ ಮೇಲೆ ಬೆರಳಾಡಿಸಿ ರಾಗ ನುಡಿಸುತ್ತಾರೆ. ಅದರಲ್ಲಿ ಬರುವುದು ಒಂಬತ್ತೇ ಸ್ವರ. ಹೆಗಲ ಮೇಲಿನ ಮೂರು ಕೋಲುಗಳು ಡ್ರೋನುಗಳು. ಮದುವೆಮನೆಯಲ್ಲಿ ಹಾರಿಸುತ್ತಾರಲ್ಲ, ಆ ಡ್ರೋನ್ ಅಲ್ಲ. ಇವು ಶ್ರುತಿ ಹಿಡಿಯುವ ಕೊಳವೆಗಳು. ವಾಲಗದಲ್ಲಿ ಪಕ್ಕದಲ್ಲೊಬ್ಬ ಕೂತು ಒಂದೇ ಸ್ವರ ಊದುತ್ತಿರುತ್ತಾನಲ್ಲ, ಅವನ ಕೆಲಸ ಇವು ಮಾಡುತ್ತವೆ. ಮೆರವಣಿಗೆ ಶುರುವಾಗುವ ಮುಂಚೆ ಬೀದಿಯ ಮೂಲೆಯಲ್ಲಿ ಇವರು ಶ್ರುತಿ ಕೂಡಿಸುವುದನ್ನು ನೋಡಬೇಕು. ಎರಡು ಡ್ರೋನುಗಳು ಕೂಡದೆ ನಾದ ಗುಂಯ್-ಗುಂಯ್ ಎಂದು ತುಯ್ಯುತ್ತಿರುತ್ತದೆ. ಕೊಳವೆಯ ಜೋಡಣೆಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡುತ್ತಾ ಹೋದರೆ ಆ ತುಯ್ತ ನಿಧಾನವಾಗಿ, ನಿಧಾನವಾಗಿ, ಕೊನೆಗೆ ನಿಂತೇಬಿಡುತ್ತದೆ. ತಂಬೂರಿ ಕೂಡಿದ ಹಾಗೆ.

ಇದರಲ್ಲಿ ಮೆಲ್ಲಗೆ ನುಡಿಸುವುದು ಅಂತ ಇಲ್ಲ. ಊದಿದರೆ ಪೂರ್ತಿ ಜೋರು, ಇಲ್ಲವೇ ಮೌನ. ಬಯಲಿನಲ್ಲಿ, ಗದ್ದಲದಲ್ಲಿ, ದೂರಕ್ಕೆ ಕೇಳಬೇಕಾದ ಕಡೆ ಅದೇ ಅನುಕೂಲ. ಪೈಪರುಗಳ ಜೊತೆ ಸೈಡ್ ಡ್ರಮ್, ಟೆನರ್ ಡ್ರಮ್, ಒಂದು ದೊಡ್ಡ ಬೇಸ್ ಡ್ರಮ್ ಸೇರಿದರೆ ಪೈಪ್ ಬ್ಯಾಂಡ್. ಮುಂದೆ ಕೋಲು ಹಿಡಿದು ನಡೆಯುವವನು ಡ್ರಮ್ ಮೇಜರ್. ನಿಜವಾದ ಮೇಷ್ಟ್ರು ಪೈಪ್ ಮೇಜರ್. ಅವನು ಪೈಪರುಗಳ ಸಾಲಿನಲ್ಲೇ ಇರುತ್ತಾನೆ.

ಮೊದಲು ಕಿಲ್ಟು ಬಂದದ್ದು ರಾಜನ ಪರವಾಗಿ

ಇಲ್ಲೊಂದು ತಮಾಷೆ ಇದೆ. ಅಮೆರಿಕದ ನೆಲದಲ್ಲಿ ಮೊದಲು ಕಾದಾಡಿದ ಕಿಲ್ಟುಗಳು ಅಮೆರಿಕದ ಪರ ಇರಲಿಲ್ಲ. ಆಗ ಅಮೆರಿಕ ಎಂಬ ದೇಶವೇ ಇರಲಿಲ್ಲ, ಇದ್ದದ್ದು ಬ್ರಿಟನ್ನಿನ ವಸಾಹತುಗಳು.

1736ರಲ್ಲಿ ಜಾರ್ಜಿಯಾದ ಡೇರಿಯನ್ ಎಂಬಲ್ಲಿ ಹೈಲ್ಯಾಂಡರುಗಳನ್ನು ತಂದು ನೆಲೆಗೊಳಿಸಿದರು. ದಕ್ಷಿಣದ ಫ್ಲಾರಿಡಾದಲ್ಲಿ ಸ್ಪೇನಿನವರಿದ್ದರು, ನಡುವೆ ಕಾವಲಿಗೆ ಗಟ್ಟಿ ಜನ ಬೇಕಿತ್ತು. ವಸಾಹತಿನ ಮುಖ್ಯಸ್ಥ ಜೇಮ್ಸ್ ಓಗಲ್‌ಥೋರ್ಪ್ ಅವರನ್ನು ನೋಡಲು ಹೋದಾಗ ತಾನೂ ಅವರದೇ ಉಡುಪು ತೊಟ್ಟಿದ್ದ. 1742ರಲ್ಲಿ ಬ್ಲಡಿ ಮಾರ್ಷ್ ಎಂಬ ಜೌಗು ನೆಲದಲ್ಲಿ ಸ್ಪೇನಿನವರನ್ನು ತಡೆದವರಲ್ಲಿ ಈ ಹೈಲ್ಯಾಂಡರುಗಳೂ ಇದ್ದರು.

ಅತ್ತ ಸ್ಕಾಟ್ಲೆಂಡಿನಲ್ಲಿ 1746ರ ಕಲೋಡನ್ ಯುದ್ಧದಲ್ಲಿ ಹೈಲ್ಯಾಂಡರುಗಳ ದಂಗೆ ಮುರಿಯಿತು. ಬ್ರಿಟಿಷ್ ಸರ್ಕಾರ ಗಂಡಸರು ಕಿಲ್ಟು ಉಡುವುದನ್ನೇ ನಿಷೇಧಿಸಿತು. ಆದರೆ ಕಾನೂನಿನಲ್ಲಿ ಒಂದು ವಿನಾಯಿತಿ: ಸೇನೆಯಲ್ಲಿದ್ದರೆ ಉಡಬಹುದು. ನಿಷೇಧ ತೆಗೆದದ್ದು 1782ರಲ್ಲಿ. ಅಷ್ಟರಲ್ಲಿ ಮೂವತ್ತೈದು ವರ್ಷ ಕಳೆದಿತ್ತು. ಕುರಿ ಕಾಯುವವನ ಬಟ್ಟೆ ಸಿಪಾಯಿಯ ಬಟ್ಟೆಯಾಗಿಬಿಟ್ಟಿತ್ತು. ಕಿಲ್ಟು ಅಂದರೆ ಇವತ್ತಿಗೂ ಸೇನೆ ನೆನಪಾಗುವುದಕ್ಕೆ ಇದು ದೊಡ್ಡ ಕಾರಣ.

ಬ್ರಿಟಿಷರು ಈ ರೆಜಿಮೆಂಟುಗಳನ್ನು ಎಲ್ಲೆಡೆಗೂ ಕಳಿಸಿದರು. 1758ರಲ್ಲಿ ಇಂದಿನ ನ್ಯೂಯಾರ್ಕ್ ರಾಜ್ಯದ ಟಿಕಾಂಡೆರೋಗದಲ್ಲಿ ಫ್ರೆಂಚರ ಕೋಟೆಗೆ ನುಗ್ಗಿದ 42ನೇ ರೆಜಿಮೆಂಟಿನಲ್ಲಿ, ಅಂದರೆ ಬ್ಲ್ಯಾಕ್ ವಾಚ್‌ನಲ್ಲಿ, ಒಂದೇ ಮಧ್ಯಾಹ್ನ 600ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಗಾಯಗೊಂಡರು. ನಮ್ಮ ಕಡೆಗೂ ಬಂದಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದವರಲ್ಲಿ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟಿನವರಿದ್ದರು.

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲೂ ಹೈಲ್ಯಾಂಡರುಗಳು ಹೆಚ್ಚಾಗಿ ರಾಜನ ಕಡೆಗೇ ನಿಂತರು. 1776ರ ಫೆಬ್ರವರಿ 27ರ ಬೆಳಗಿನ ಜಾವ, ಉತ್ತರ ಕ್ಯಾರೊಲೈನಾದ ಮೂರ್ಸ್ ಕ್ರೀಕ್ ಸೇತುವೆ. ಎದುರಾಳಿಗಳು ರಾತ್ರಿಯೇ ಸೇತುವೆಯ ಹಲಗೆ ಕಿತ್ತು, ಉಳಿದ ತೊಲೆಗಳಿಗೆ ಸೋಪು, ಕೊಬ್ಬು ಬಳಿದಿದ್ದರು. ಕತ್ತಿ ಎತ್ತಿ "ಕಿಂಗ್ ಜಾರ್ಜ್" ಎಂದು ಕೂಗುತ್ತಾ ನುಗ್ಗಿದ ಹೈಲ್ಯಾಂಡರುಗಳು ಜಾರುವ ತೊಲೆಗಳ ಮೇಲೆ ಕಾಲೂರುವಷ್ಟರಲ್ಲಿ ಆ ದಡದಿಂದ ಗುಂಡು. ಕೆಲವೇ ನಿಮಿಷದಲ್ಲಿ ಎಲ್ಲಾ ಮುಗಿಯಿತು. ಈಗ 250 ವರ್ಷದ ಮೆರವಣಿಗೆಯಲ್ಲಿ ಕಿಲ್ಟು ನಡೆಯುವಾಗ ನನಗೆ ಈ ಸೇತುವೆ ನೆನಪಾಗುತ್ತದೆ.

ಕನ್ನಡ ಕೂಟದ ಹಾಗೆ ಒಂದು ರೆಜಿಮೆಂಟು

ಹಾಗಾದರೆ ಅಮೆರಿಕದ್ದೇ ಆದ ಕಿಲ್ಟು ರೆಜಿಮೆಂಟು ಇತ್ತಾ? ಇತ್ತು. ಅದರಲ್ಲಿ ಹೆಸರು ಮಾಡಿದ್ದು ನ್ಯೂಯಾರ್ಕಿನ 79ನೇ ರೆಜಿಮೆಂಟು. ಆದರೆ ಅದಕ್ಕೆ ಮುಂಚೆ ಒಂದು ಪದ ತಿಳಿಯಬೇಕು: ಮಿಲಿಷಿಯಾ. ಆಗ ಅಮೆರಿಕದ ಕಾಯಂ ಸೇನೆ ಬಲು ಚಿಕ್ಕದು. ಊರೂರಿನಲ್ಲಿ ಜನರೇ ಸೇರಿ ದಳ ಕಟ್ಟಿಕೊಳ್ಳುತ್ತಿದ್ದರು. ವಾರದಲ್ಲಿ ಕೆಲಸ, ಬಿಡುವಿನಲ್ಲಿ ಕವಾಯತು, ಹಬ್ಬಕ್ಕೆ ಮೆರವಣಿಗೆ. ಸಮವಸ್ತ್ರವೂ ಅವರ ಇಷ್ಟದ್ದೇ. ಜರ್ಮನರು, ಐರಿಷರು, ಇಟಲಿಯವರು, ಎಲ್ಲರೂ ತಮ್ಮ ತಮ್ಮ ದಳ ಮಾಡಿಕೊಂಡರು. ಪರದೇಶಕ್ಕೆ ಹೋದ ನಮ್ಮವರು ಕನ್ನಡ ಕೂಟ ಕಟ್ಟಿ ರಾಜ್ಯೋತ್ಸವ ಮಾಡುತ್ತಾರಲ್ಲ, ಅದೇ ಹಂಬಲ. ಇಲ್ಲಿ ಬಂದೂಕು ಜಾಸ್ತಿ, ಅಷ್ಟೇ.

ನ್ಯೂಯಾರ್ಕಿನ ಸ್ಕಾಟರು 1859ರಲ್ಲಿ ತಮ್ಮ ದಳ ಕಟ್ಟಿದರು. ಬ್ರಿಟನ್ನಿನ ಹೆಸರಾಂತ ಕ್ಯಾಮರನ್ ಹೈಲ್ಯಾಂಡರುಗಳದ್ದು 79ನೇ ನಂಬರು, ಇವರೂ ಅದೇ ನಂಬರು ಇಟ್ಟುಕೊಂಡರು. ಟಾರ್ಟನ್ ಕೂಡ ಕ್ಯಾಮರನ್ನರದ್ದೇ. 1860ರಲ್ಲಿ ಬ್ರಿಟನ್ನಿನ ಯುವರಾಜ ನ್ಯೂಯಾರ್ಕಿಗೆ ಬಂದಾಗ ಇವರು ಕಿಲ್ಟು ಉಟ್ಟು ಹೆಮ್ಮೆಯಿಂದ ಮೆರವಣಿಗೆಯಲ್ಲಿ ನಡೆದರು. ಅದೇ ಊರಿನ ಐರಿಷರ 69ನೇ ರೆಜಿಮೆಂಟಿನ ಕರ್ನಲ್ ಮೈಕೆಲ್ ಕೊರ್ಕೊರನ್ ಮಾತ್ರ ತನ್ನ ದಳವನ್ನು ಯುವರಾಜನ ಮುಂದೆ ನಡೆಸಲು ಒಪ್ಪಲಿಲ್ಲ. ಅವನ ಮೇಲೆ ಸೇನಾ ವಿಚಾರಣೆಯೇ ನಡೆಯಿತು.

1861ರಲ್ಲಿ ಅಂತರ್ಯುದ್ಧ ಶುರುವಾಯಿತು. ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ದೇಶ ಬಿಟ್ಟು ಬೇರೆಯಾದವು. ಉತ್ತರ ಅದನ್ನು ತಡೆಯಲು ಹೊರಟಿತು. 79ನೆಯವರು ಉತ್ತರದ ಪರ ಹೊರಟರು. ಕಿಲ್ಟಿನ ಕಥೆ ತಿರುಗುವುದು ಇಲ್ಲಿ. ಮೆರವಣಿಗೆಗೆ ಕಿಲ್ಟು ಸರಿ, ದಂಡಯಾತ್ರೆಗೆ? ಹೆಚ್ಚಿನವರು ಟಾರ್ಟನ್ ಬಟ್ಟೆಯ ಪ್ಯಾಂಟು ಇಲ್ಲವೇ ಮಾಮೂಲಿ ನೀಲಿ ಪ್ಯಾಂಟು ತೊಟ್ಟರು. ಒಬ್ಬ ಕ್ಯಾಪ್ಟನ್ ಹಠ ಹಿಡಿದು ಕಿಲ್ಟಿನಲ್ಲೇ ನಡೆದನಂತೆ. ದಾರಿಯಲ್ಲಿ ಒಂದು ಹಂದಿ ಸಿಕ್ಕಿತು, ಅಟ್ಟಿಸಿಕೊಂಡು ಹೋಗಿ ಬೇಲಿ ಹತ್ತಿದ. ಹಿಂದಿದ್ದ ಸಿಪಾಯಿಗಳಿಗೆ ಏನು ಕಂಡಿತೋ ಕಂಡಿತು, ಇಡೀ ದಳ ಬಿದ್ದು ಬಿದ್ದು ನಕ್ಕಿತು. ಅಲ್ಲಿಗೆ ಆ ಕಿಲ್ಟೂ ಪೆಟ್ಟಿಗೆ ಸೇರಿತು ಅಂತ ಆ ರೆಜಿಮೆಂಟಿನ ಹಳಬರು ಹೇಳುತ್ತಿದ್ದ ಕಥೆ. ಹಾಗಾಗಿ ಕಿಲ್ಟು ಉಟ್ಟ ಸಾಲುಸಾಲು ಸಿಪಾಯಿಗಳು ಅಂತರ್ಯುದ್ಧದಲ್ಲಿ ನುಗ್ಗುತ್ತಿರುವ ಚಿತ್ರ ಎಲ್ಲಾದರೂ ಕಂಡರೆ ಚಿತ್ರಕಾರನ ಕಲ್ಪನೆ ಜಾಸ್ತಿ ಅಂತ ತಿಳಿಯಿರಿ.

ನಗುವ ದಿನಗಳು ಬೇಗ ಮುಗಿದವು. ಜುಲೈ 21ರಂದು ವರ್ಜೀನಿಯಾದ ಬುಲ್ ರನ್‌ನಲ್ಲಿ ಮೊದಲ ದೊಡ್ಡ ಯುದ್ಧ. ವಿಲಿಯಂ ಶರ್ಮನ್‌ನ ಬ್ರಿಗೇಡಿನಲ್ಲಿ ಸ್ಕಾಟರ 79, ಐರಿಷರ 69 ಎರಡೂ ಇದ್ದವು. ಯುವರಾಜನಿಗೆ ನಡೆದವರು, ನಡೆಯದವರು, ಇಬ್ಬರೂ ಒಂದೇ ದಿಬ್ಬ ಹತ್ತಿದರು. 79ರಲ್ಲಿ ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ ಸುಮಾರು 200. ಕರ್ನಲ್ ಜೇಮ್ಸ್ ಕ್ಯಾಮರನ್ನನೂ ಸತ್ತ. ಅವನು ಲಿಂಕನ್ ಸರ್ಕಾರದ ಯುದ್ಧ ಮಂತ್ರಿ ಸೈಮನ್ ಕ್ಯಾಮರನ್ನನ ತಮ್ಮ.

ಆಗಸ್ಟ್ 14ರಂದು ದಳ ತಿರುಗಿಬಿತ್ತು. ಊರಿಗೆ ಹೋಗಿ ಹೊಸ ಜನ ಸೇರಿಸಿಕೊಳ್ಳಲು ಬಿಡುತ್ತಾರೆ, ನಮ್ಮ ಕರ್ನಲನ್ನು ನಾವೇ ಆರಿಸಿಕೊಳ್ಳಬಹುದು ಎಂದು ನಂಬಿದ್ದವರಿಗೆ ಸ್ಕಾಟನಲ್ಲದ ಐಸಾಕ್ ಸ್ಟೀವನ್ಸ್‌ನನ್ನು ಮೇಲಿನಿಂದ ಕಳಿಸಿದರು. ಗುಡಾರ ಕೀಳಿ ಅಂದರೆ ಕೀಳಲಿಲ್ಲ. ಜನರಲ್ ಮೆಕ್‌ಕ್ಲೆಲನ್ ಕಾಲಾಳು, ಕುದುರೆ, ಫಿರಂಗಿ ಕಳಿಸಿ ಸುತ್ತುವರಿಸಿದ, ಮುಂದಾಳುಗಳನ್ನು ಹಿಡಿದ, ರೆಜಿಮೆಂಟಿನ ಬಾವುಟವನ್ನೇ ಕಿತ್ತುಕೊಂಡ. ಆ ಕಾಲದ ಸಿಪಾಯಿಗೆ ಇದಕ್ಕಿಂತ ಅವಮಾನವಿಲ್ಲ. ಮುಂದಿನ ತಿಂಗಳು ಲೂಯಿನ್ಸ್‌ವಿಲ್‌ನಲ್ಲಿ ಚೆನ್ನಾಗಿ ಕಾದಿದ ಮೇಲೆ ಬಾವುಟ ವಾಪಸು ಬಂತು.

ಯಾರನ್ನು ಬೇಡ ಅಂದಿದ್ದರೋ ಆ ಸ್ಟೀವನ್ಸ್ ಕೊನೆಗೆ ಇವರವನೇ ಆದ. 1862ರ ಸೆಪ್ಟೆಂಬರ್ 1, ಷಾಂಟಿಲಿ, ಗುಡುಗು ಮಳೆ. ಬಾವುಟ ಹಿಡಿದವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅಷ್ಟು ಹೊತ್ತಿಗೆ ಜನರಲ್ ಆಗಿದ್ದ ಸ್ಟೀವನ್ಸ್ ತಾನೇ ಬಾವುಟ ಎತ್ತಿಕೊಂಡು, ಹೈಲ್ಯಾಂಡರುಗಳೇ ನನ್ನ ಹಿಂದೆ ಬನ್ನಿ ಎಂದು ಕೂಗುತ್ತಾ ಮುಂದೆ ಹೋದ. ತಲೆಗೆ ಗುಂಡು ಬಿತ್ತು. ಬಾವುಟ ಕೈಯಲ್ಲೇ ಇತ್ತು.

ಒಬ್ಬ ಆ ಕಡೆ, ಒಬ್ಬ ಈ ಕಡೆ

ದಕ್ಷಿಣದಲ್ಲೂ ಸ್ಕಾಟರಿದ್ದರು. ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ ಊರಿನಲ್ಲಿ ಅವರದ್ದೂ ಒಂದು ದಳವಿತ್ತು. ಸ್ಕಾಟ್ಲೆಂಡಿನಿಂದ ಬಂದ ಕ್ಯಾಂಬೆಲ್ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಅಲೆಕ್ಸಾಂಡರ್ ನ್ಯೂಯಾರ್ಕಿನ 79ಕ್ಕೆ ಸೇರಿದ, ಜೇಮ್ಸ್ ಚಾರ್ಲ್ಸ್‌ಟನ್ನಿನ ಬೆಟಾಲಿಯನ್ನಿಗೆ. 1862ರ ಜೂನ್ 16ರಂದು ಚಾರ್ಲ್ಸ್‌ಟನ್ ಪಕ್ಕದ ಸಿಸೆಷನ್‌ವಿಲ್‌ನಲ್ಲಿ 79ನೆಯವರು ಒಂದು ಮಣ್ಣಿನ ಕೋಟೆಗೆ ನುಗ್ಗಿದರು. ಬಾವುಟ ಅಲೆಕ್ಸಾಂಡರನ ಕೈಯಲ್ಲಿ. ಕೋಟೆಯ ಒಳಗಿದ್ದವನು ಜೇಮ್ಸ್. ಆ ದಿನ ಒಬ್ಬರಿಗೊಬ್ಬರು ಎದುರಿದ್ದದ್ದು ಇಬ್ಬರಿಗೂ ತಿಳಿದಿರಲಿಲ್ಲ. ಸೆರೆಸಿಕ್ಕವರಿಂದ ಸುದ್ದಿ ಕೇಳಿ ಬೆಚ್ಚಿಬಿದ್ದ ಜೇಮ್ಸ್ ಕಾಗದ ಬರೆದ. ಇಬ್ಬರೂ ಯುದ್ಧದಲ್ಲಿ ಉಳಿದುಕೊಂಡರು, ಕಾಗದಗಳೂ ಉಳಿದುಕೊಂಡಿವೆ.

79ನೆಯವರು 1864ರ ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ವಾಪಸಾದರು. ಯುದ್ಧ ಮುಗಿದ ಮೇಲೆ ಮತ್ತೆ ಊರಿನ ಮಿಲಿಷಿಯಾ ಆಗಿ ಕಿಲ್ಟಿನ ಮೆರವಣಿಗೆ ಮಾಡಿಕೊಂಡಿದ್ದರು. 1876ರಲ್ಲಿ ಅದನ್ನೂ ಮುಚ್ಚಿದರು.

ಕೆಸರು, ಹೇನು, ವಿಷಾನಿಲ

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಕಿಲ್ಟಿನ ರೆಜಿಮೆಂಟು ಇರಲಿಲ್ಲ. ಕಿಲ್ಟೇ ಬೇಕು ಅನ್ನುವವರು ಕೆನಡಾದ ಸೇನೆಗೆ ಸೇರುತ್ತಿದ್ದರು. 1917ರಲ್ಲಿ ಕೆನಡಾದ ನ್ಯೂಬ್ರನ್ಸ್‌ವಿಕ್ ಪ್ರಾಂತ್ಯದ 236ನೇ ಬೆಟಾಲಿಯನ್ ಬಾಸ್ಟನ್ನಿಗೇ ಬಂದು, ಕಿಲ್ಟು ಉಟ್ಟು ಬೀದಿಯಲ್ಲಿ ನಡೆದು ಜನ ಸೇರಿಸಿತು.

ಕಂದಕದ ಯುದ್ಧದಲ್ಲಿ ಮಾತ್ರ ಕಿಲ್ಟು ಸಿಪಾಯಿಯ ವೈರಿ. ನೆರಿಗೆಯೊಳಗೆ ಹೇನು ಮನೆ ಮಾಡುತ್ತಿತ್ತು. ಕೆಸರು ಹತ್ತಿ ಹೆಪ್ಪುಗಟ್ಟಿದರೆ ಬಟ್ಟೆಯ ಅಂಚು ಮೊಣಕಾಲಿನ ಹಿಂಭಾಗವನ್ನು ಗರಗಸದ ಹಾಗೆ ಕೊಯ್ಯುತ್ತಿತ್ತು. ಸಾಸಿವೆ ಅನಿಲ ಬಂದರೆ ಬರಿಗಾಲಿನ ಚರ್ಮಕ್ಕೆ ರಕ್ಷಣೆಯೇ ಇಲ್ಲ. ಕೊನೆಗೆ ಬ್ರಿಟಿಷರೇ ಎರಡನೇ ಮಹಾಯುದ್ಧದ ಶುರುವಿನಲ್ಲಿ ಕಿಲ್ಟನ್ನು ರಣರಂಗದಿಂದ ತೆಗೆದರು.

ಪೈಪುಗಳ ಕಥೆ ಬೇರೆ. ಎರಡನೇ ಮಹಾಯುದ್ಧದಲ್ಲಿ ಉತ್ತರ ಐರ್ಲೆಂಡಿನ ಡೆರಿಯಲ್ಲಿ ನೌಕಾನೆಲೆ ಕಾಯುತ್ತಿದ್ದ ಅಮೆರಿಕನ್ ಮರೀನರು ಅಲ್ಲೇ ಪೈಪು ಕಲಿತು ಒಂದು ಬ್ಯಾಂಡ್ ಕಟ್ಟಿಕೊಂಡರು.

ವಿಮಾನದವರ ಕಿಲ್ಟು

ಅಮೆರಿಕದ ಪಡೆಗಳಲ್ಲಿ ಹೆಸರುವಾಸಿಯಾದ ಪೈಪ್ ಬ್ಯಾಂಡ್ ಭೂಸೇನೆಯದ್ದಲ್ಲ, ವಾಯುಪಡೆಯದ್ದು. 1947ರಲ್ಲಿ ಹುಟ್ಟಿದ, ಹಳೆಯ ಸಂಪ್ರದಾಯಗಳೇ ಇಲ್ಲದ ಪಡೆ ಅದು. 1960ರಲ್ಲಿ ಪೈಪ್ ಬ್ಯಾಂಡ್ ಮಾಡಿತು. ಉಟ್ಟದ್ದು ಮಿಚೆಲ್ ಟಾರ್ಟನ್. ಬಿಲ್ಲಿ ಮಿಚೆಲ್ ಎಂಬ ಜನರಲ್ ವಾಯುಪಡೆ ಬೇರೆಯೇ ಇರಬೇಕು ಎಂದು ಹಠ ಹಿಡಿದು, ಮೇಲಿನವರನ್ನು ಬೈದು, 1925ರಲ್ಲಿ ಕೋರ್ಟ್ ಮಾರ್ಷಲ್ ಆದವನು. ಅವನ ತಾತ ಸ್ಕಾಟ್ಲೆಂಡಿನಿಂದ ಬಂದವನು. ಹೀಗೆ ಶಿಕ್ಷೆಗೆ ಒಳಗಾದವನ ಹೆಸರಿನ ಬಟ್ಟೆಯನ್ನೇ ವಾಯುಪಡೆ ಉಟ್ಟುಕೊಂಡಿತು.

1963ರ ನವೆಂಬರ್ 13ರಂದು ಬ್ರಿಟನ್ನಿನ ಬ್ಲ್ಯಾಕ್ ವಾಚ್ ಪೈಪರುಗಳು ಶ್ವೇತಭವನದ ಹುಲ್ಲುಹಾಸಿನ ಮೇಲೆ ಮಕ್ಕಳಿಗಾಗಿ ನುಡಿಸಿದರು. ಅಧ್ಯಕ್ಷ ಕೆನಡಿ ಹೆಂಡತಿ ಮಕ್ಕಳ ಜೊತೆ ಕೂತು ನೋಡಿದರು. ಒಂಬತ್ತು ದಿನಕ್ಕೆ ಅವರ ಕೊಲೆಯಾಯಿತು. ನವೆಂಬರ್ 25ರ ಅಂತ್ಯಯಾತ್ರೆಯಲ್ಲಿ ಅದೇ ಬ್ಲ್ಯಾಕ್ ವಾಚ್‌ನ ಒಂಬತ್ತು ಪೈಪರುಗಳು ಶ್ವೇತಭವನದಿಂದ ಚರ್ಚಿನವರೆಗೆ ನಡೆದರು. ಆರ್ಲಿಂಗ್ಟನ್ ಸ್ಮಶಾನದಲ್ಲಿ ಶವಪೆಟ್ಟಿಗೆಯನ್ನು ಗುಂಡಿಯ ಕಡೆ ಒಯ್ಯುವಾಗ ಊದಿದವರು ಅಮೆರಿಕದ ವಾಯುಪಡೆಯ ಪೈಪರುಗಳು. ಇಡೀ ದೇಶ ಟೀವಿಯಲ್ಲಿ ನೋಡಿತು.

ಸೇನಾ ಕಾಲೇಜುಗಳಲ್ಲಿ ಪೈಪುಗಳು ಇನ್ನೂ ಗಟ್ಟಿಯಾಗಿ ಬೇರುಬಿಟ್ಟಿವೆ. ಚಾರ್ಲ್ಸ್‌ಟನ್ನಿನ ದ ಸಿಟಡೆಲ್ ಕಾಲೇಜಿನಲ್ಲಿ 1955ರಲ್ಲಿ ಪೈಪ್ ಬ್ಯಾಂಡ್ ಶುರುಮಾಡಿಸಿದ್ದು ಎರಡನೇ ಮಹಾಯುದ್ಧದ ಜನರಲ್ ಮಾರ್ಕ್ ಕ್ಲಾರ್ಕ್. ಜೇಮ್ಸ್ ಕ್ಯಾಂಬೆಲ್ ಕಾದಾಡಿದ್ದು ಇದೇ ಊರಿಗಾಗಿ. ಆ ಹುಡುಗರು 1991, 2010 ಮತ್ತು 2015ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಕೋಟೆಯ ಮುಂದೆಯೇ ನುಡಿಸಿ ಬಂದರು. ಅಮೆರಿಕದ ಭೂಸೇನೆಯ ಅಕಾಡೆಮಿ ಇರುವ ವೆಸ್ಟ್ ಪಾಯಿಂಟಿನ ಕೆಡೆಟ್‌ಗಳಿಗೂ ಪೈಪ್ ಬ್ಯಾಂಡ್ ಇದೆ.

ಸಾಮಾನ್ಯ ಸಿಪಾಯಿಯ ಸಮವಸ್ತ್ರವಾಗಿ ಕಿಲ್ಟು ಈಗ ಅಮೆರಿಕದ ಯಾವ ರೆಜಿಮೆಂಟಿನಲ್ಲೂ ಇಲ್ಲ. ಅದು ಬ್ಯಾಂಡಿನವರ ಉಡುಪು, ಅಷ್ಟೇ. ನಮ್ಮ ಸೇನೆಯಲ್ಲಿ ಪೈಪ್ ಬ್ಯಾಂಡ್‌ಗಳಿವೆಯಲ್ಲ, ಜನವರಿ 29ರ ಬೀಟಿಂಗ್ ರಿಟ್ರೀಟ್‌ನಲ್ಲಿ ದಿಲ್ಲಿಯಲ್ಲಿ ಕಾಣುತ್ತವೆ. ಅವು ಬ್ರಿಟಿಷರ ರೆಜಿಮೆಂಟುಗಳಿಂದ ನೇರವಾಗಿ ಬಂದ ಬಳುವಳಿ. ಅಮೆರಿಕಕ್ಕೆ ಹಾಗೆ ಬರಲಿಲ್ಲ, ಅಲ್ಲಿಗೆ ಅದನ್ನು ತಂದವರು ವಲಸಿಗರು.

ಹಾಗಾದರೆ ಚಿಕ್ಕಮ್ಮ ನೋಡಿದ್ದು ಯಾರನ್ನು?

ವಿಡಿಯೊ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ದೊಡ್ಡ ಡ್ರಮ್ಮಿನ ಮೇಲೆ ಹಸಿರು ಬಣ್ಣದ ಮೂರೆಲೆಯ ಗುರುತು. ಅದು ಸ್ಕಾಟ್ಲೆಂಡಿನದ್ದಲ್ಲ, ಐರ್ಲೆಂಡಿನದ್ದು. ತೋಳಿನ ಬಿಲ್ಲೆಯಲ್ಲಿ ಏಣಿ ಮತ್ತು ಕೊಡಲಿ.

ಅಂದರೆ ಅಗ್ನಿಶಾಮಕ ದಳದವರು. ಅಮೆರಿಕದ ಬೀದಿಗಳಲ್ಲಿ ಕಾಣುವ ಪೈಪ್ ಬ್ಯಾಂಡ್‌ಗಳಲ್ಲಿ ಬಹಳಷ್ಟು ಪೊಲೀಸರದ್ದು, ಅಗ್ನಿಶಾಮಕದವರದ್ದು. 19ನೇ ಶತಮಾನದಲ್ಲಿ ಬಂದ ಐರಿಷರಿಗೆ ಸಿಕ್ಕ ಅಪಾಯದ, ಆದರೆ ಕಾಯಂ ಆದ ಕೆಲಸಗಳು ಇವೇ. ಮಕ್ಕಳು, ಮೊಮ್ಮಕ್ಕಳು ಅದೇ ಕೆಲಸ ಹಿಡಿದರು. ನ್ಯೂಯಾರ್ಕ್ ಪೊಲೀಸರ ಎಮರಾಲ್ಡ್ ಸೊಸೈಟಿ (ಐರಿಷ್ ಮೂಲದವರ ಸಂಘ) ಪೈಪ್ ಬ್ಯಾಂಡ್ 1960ರದ್ದು, ಅಗ್ನಿಶಾಮಕದವರದ್ದು 1962ರದ್ದು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ 343 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಆಮೇಲೆ ತಿಂಗಳುಗಟ್ಟಲೆ ಆ ಬ್ಯಾಂಡಿನವರಿಗೆ ಅವರ ಅಂತ್ಯಕ್ರಿಯೆಗಳಲ್ಲಿ ಊದುವುದೇ ಕೆಲಸ. ಕೆಲವು ದಿನ ಒಂದೇ ದಿನಕ್ಕೆ ಎಷ್ಟೋ ಕಡೆ ಅಂತ್ಯಕ್ರಿಯೆ, ಬ್ಯಾಂಡನ್ನು ಹರಿದು ಹಂಚಿ ಎಲ್ಲಾ ಕಡೆಗೂ ಕಳಿಸಬೇಕಾಗಿತ್ತು.

ಇದನ್ನೆಲ್ಲಾ ಹೇಳಿದ ಮೇಲೆ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಷ್ಟು ನೆರಿಗೆ ಇಸ್ತ್ರಿ ಮಾಡೋರು ಯಾರೋ?"